ಇವರು ನಿಮಗೆ ಏನಾಗಬೇಕು

ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ತೀರಿಹೋದವಳ ಅಣ್ಣನ ಮಗಳು ನೂಕುತ್ತಿದ್ದಳು, ಹೊರಗಿನಿಂದ ಪಕ್ಕದ ಮನೆಯ ದರ್ಜಿ ಎಳೆಯುತ್ತಿದ್ದ. ಅದು ಹೊರಗೆ ಹೋಗದೆ ನಡುಮನೆಯಲ್ಲಿ ಶವಪೆಟ್ಟಿಗೆ ಇಡಲು ಜಾಗವಿರಲಿಲ್ಲ.

"ಡ್ರಾಯರ್ ಕಿತ್ತುಬಿಡಿ. ನಿಮ್ಮತ್ತೆ ಇದರೊಳಗೆ ಊರಿನ ಅಜ್ಜಂದಿರನ್ನೆಲ್ಲ ತುಂಬಿಟ್ಟಿದಾರೆ," ಎಂದ ದರ್ಜಿ.

ಅದು ಹೆಚ್ಚೂಕಡಿಮೆ ನಿಜವಾಗಿತ್ತು. ಮೂರು ಡ್ರಾಯರುಗಳ ತುಂಬ ಅತ್ತೆಯ ಗುಂಡಗಿನ ಅಕ್ಷರದ ಚೀಟಿಗಳು: ಹಡಗಿನ ಹೆಸರು, ಹೊರಟ ದಿನ, ಇಳಿದ ಬಂದರು, ಯಾರ ಮಗ, ಏನು ಕಸುಬು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರಿಗೆಲ್ಲ ದೂರದವರ ದನಿ ಕೇಳಿಸಿದ ಅತ್ತೆ, ನಿವೃತ್ತಿಯಾದ ಮರುವಾರವೇ ವಂಶಾವಳಿ ಸಂಘಕ್ಕೆ ಸೇರಿದ್ದಳು. ಮದುವೆ ಮಾಡಿಕೊಂಡವಳಲ್ಲ. ಸ್ವಂತದವರೆಂದರೆ ಅಣ್ಣನ ಮಗಳಾದ ಈ ಸೋದರಸೊಸೆಯೊಬ್ಬಳೇ.

ಪೆಟ್ಟಿಗೆಗೆ ಆರು ಜನ ಹೆಗಲು ಕೊಡಬೇಕಿತ್ತು. ಸೊಸೆಯ ಗಂಡ, ದರ್ಜಿ, ದರ್ಜಿಯ ಅಳಿಯ, ಅಲ್ಲಿಗೆ ಮೂವರಾದರು. ಸಂಘದ ಕಾರ್ಯದರ್ಶಿ ತಾವೂ ಸಿದ್ಧ ಎಂದಿದ್ದರು. ಆದರೆ ಆ ಮುದುಕರಿಗೆ ಮೆಟ್ಟಿಲು ಹತ್ತುವಾಗ ಇನ್ನೊಬ್ಬರು ಹೆಗಲು ಕೊಡಬೇಕಾಗುತ್ತಿತ್ತು.

ಮೇಜು ಹೊರಬಿದ್ದು ಪೆಟ್ಟಿಗೆ ಒಳಬಂದ ಸ್ವಲ್ಪ ಹೊತ್ತಿಗೆ ಬೀದಿಯ ತಿರುವಿನಲ್ಲಿ ಒಂದು ವ್ಯಾನ್ ನಿಂತಿತು. ಅದರಿಂದ ಹನ್ನೊಂದು ಜನ ಇಳಿದರು. ಎಲ್ಲರಿಗಿಂತ ಮುಂದೆ ಎಪ್ಪತ್ತರ ದಪ್ಪ ಮನುಷ್ಯನೊಬ್ಬ, ಎದೆಗೆ ಅವಚಿಕೊಂಡ ದೊಡ್ಡ ತಗಡಿನ ಡಬ್ಬಿ. ಸಮುದ್ರದಾಚೆ ಬೇಕರಿ ನಡೆಸುವವನು; ಅತ್ತೆ ಹುಡುಕಿ ತೆಗೆದ ತಮ್ಮ. ಅವಳ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಮನೆಮಂದಿಯೆಲ್ಲ ಹೊರಟಿದ್ದರು. ನಡುದಾರಿಯಲ್ಲಿ ವಿಮಾನ ಬದಲಿಸುವಾಗ ಸುದ್ದಿ ಮುಟ್ಟಿತ್ತು.

"ಕೇಕು ತಂದಿದ್ದೆನಮ್ಮ," ಎಂದ ಅವನು. "ಈಗ ಇದನ್ನು ಎಲ್ಲಿಡಲಿ?"

ಮೂರು ತಲೆಮಾರು ಕಳೆದರೂ ಅವರ ಮನೆಯಲ್ಲಿ ಭಾಷೆ ಉಳಿದಿತ್ತು, ಆದರೆ ಹಡಗು ಹತ್ತಿದ ದಿನ ಹೇಗಿತ್ತೋ ಹಾಗೆಯೇ. ವ್ಯಾನನ್ನು ಅವನು ಮೋಟಾರು ಗಾಡಿ ಎಂದಾಗ ಡ್ರೈವರ್ ತಲೆ ತಗ್ಗಿಸಿ ನಕ್ಕ.

ಎದುರುಮನೆಯಾಕೆ ಸೊಸೆಯ ಪಕ್ಕ ಬಂದು ಮೆಲ್ಲಗೆ ಕೇಳಿದಳು, "ಇವರು ನಿಮಗೆ ಏನಾಗಬೇಕು?"

"ಚಿಕ್ಕಪ್ಪ," ಎಂದಳು ಸೊಸೆ. "ಅತ್ತೆಯ ಅಜ್ಜನಿಗೆ ಒಬ್ಬ ಅಣ್ಣ ಇದ್ದ. ಅವನ ಮೊಮ್ಮಗ." ಬೆಳಗಿನಿಂದ ಮೊದಲ ಸಲ ಅವಳ ಮುಖ ಅರಳಿತು.

*

ಅಜ್ಜನ ಅಣ್ಣ ಬಡಗಿ. ಇಪ್ಪತ್ತೆರಡನೆಯ ವಯಸ್ಸಿಗೆ ಹಡಗು ಹತ್ತಿದವನು ಬಂದರಿನಿಂದ ಒಂದು ಕಾಗದ ಬರೆದ. ಆಮೇಲೆ ಅವನ ಸುದ್ದಿಯೇ ಇಲ್ಲ. ಅಜ್ಜ ಸಾಯುವವರೆಗೂ ಅಂಚೆಯವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಅದನ್ನು ನೋಡಿ ಬೆಳೆದವಳು ಅತ್ತೆ.

ಸಂಘ ಸೇರುತ್ತಿದ್ದುದು ಲೈಬ್ರರಿಯ ಮಹಡಿಯಲ್ಲಿ, ಪ್ರತಿ ಶನಿವಾರ. ಕಾರ್ಯದರ್ಶಿ ಅವಳಿಗೆ ಪ್ರಯಾಣಿಕರ ಪಟ್ಟಿಗಳ ದಪ್ಪ ಪುಸ್ತಕಗಳನ್ನು ಓದಲು ಕಲಿಸಿದರು: ಹೆಸರು ನಂಬಬೇಡಿ, ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ; ವಯಸ್ಸು, ಕಸುಬು ನೋಡಿ. ಹತ್ತು ವರ್ಷ ಹುಡುಕಿದ ಮೇಲೆ ಒಂದು ಶನಿವಾರ ಅತ್ತೆ ಪುಟದ ಮೇಲೆ ಬೆರಳಿಟ್ಟು ಕುರ್ಚಿಯಿಂದ ಎದ್ದಳು. ಅದೇ ಹೆಸರು, ಇದೇ ಊರು, ಬಡಗಿ. ಆಚೆ ದಡದ ಸಂಘಕ್ಕೆ ಬರೆದಳು. ಅವರು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಐದು ತಿಂಗಳ ನಂತರ ಬೇಕರಿಯಿಂದ ಕಾಗದ ಬಂತು. ಅಂದು ಅತ್ತೆ ಸಂಘದವರಿಗೆಲ್ಲ ಐಸ್‌ಕ್ರೀಮ್ ಕೊಡಿಸಿ ಲೈಬ್ರರಿಯವರಿಂದ ಬೈಸಿಕೊಂಡಳು.

*

ಅಡುಗೆಮನೆಯಲ್ಲಿ ಸೊಸೆ ಕಾರ್ಯದರ್ಶಿಗೆ ಚಹಾ ಕೊಟ್ಟಳು. ಅವರು ಕಿಟಕಿಯಿಂದ ಹೊರಗಿನ ಗುಂಪನ್ನು ನೋಡುತ್ತ, ರಕ್ತಸಂಬಂಧವಿಲ್ಲದಿದ್ದರೂ ಎಷ್ಟು ದೂರದಿಂದ ಬಂದಿದ್ದಾರೆ ಎಂದರು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡರು.

ಸೊಸೆ ಬಿಡಲಿಲ್ಲ. ಕೊನೆಗೆ ಅವರು ಹೇಳಲೇಬೇಕಾಯಿತು. ಐದು ವರ್ಷದ ಹಿಂದೆ ಸಂಘಕ್ಕೆ ನಡುದಾರಿಯ ಬಂದರೊಂದರ ಆಸ್ಪತ್ರೆಯ ದಾಖಲೆಗಳ ಪುಸ್ತಕ ಬಂದಿತ್ತು. ಆ ಹಡಗಿನಲ್ಲಿ ಒಂದೇ ಹೆಸರಿನ ಇಬ್ಬರು ಬಡಗಿಗಳಿದ್ದರು, ಇಬ್ಬರೂ ಇದೇ ಊರಿನವರು. ಆಸ್ಪತ್ರೆಯವರು ಬರೆದಿಟ್ಟ ತಂದೆಯ ಹೆಸರಿನಿಂದ ಗೊತ್ತಾಯಿತು, ಜ್ವರವೆಂದು ಆ ಬಂದರಿನಲ್ಲಿ ಇಳಿಸಿದ್ದು ಅಜ್ಜನ ಅಣ್ಣನನ್ನು; ಒಂಬತ್ತನೆಯ ದಿನ ಸತ್ತ. ಆಚೆ ದಡ ಮುಟ್ಟಿ ಸಂಸಾರ ಹೂಡಿದವನು ಇನ್ನೊಬ್ಬ.

"ಅತ್ತೆಗೆ ಗೊತ್ತಿತ್ತಾ?"

"ಪುಸ್ತಕ ಅವರ ಕೈಗೆ ಕೊಟ್ಟಿದ್ದೇ ನಾನು. ಮೂರು ಶನಿವಾರ ಸಂಘದ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದರು, ಏನೂ ಆಗದವರ ಹಾಗೆ. ನಾನೂ ಕೇಳಲಿಲ್ಲ."

ಸೊಸೆ ಒಲೆ ಆರಿಸಿದಳು. ಅಷ್ಟು ವರ್ಷ ಅಕ್ಕ ಅಕ್ಕ ಎಂದು ಬರೆದವರಿಗೆ ಅತ್ತೆ ಹೇಳದೆ ಮುಚ್ಚಿಟ್ಟಳೇ? ಹೊರಗೆ ಬೇಕರಿಯವನು, ಅವನ ಮಗ, ಇಬ್ಬರು ಅಳಿಯಂದಿರು ಆಗಲೇ ಕೋಟು ಕಳಚಿ ಹೆಗಲು ಕೊಡಲು ನಿಂತಿದ್ದರು. ಸುಳ್ಳಿನ ಕೆಳಗೆ ಅವರನ್ನು ನಡೆಸುವುದು ಅವಳಿಂದಾಗಲಿಲ್ಲ. ಬೇಕರಿಯವನನ್ನು ಪಕ್ಕಕ್ಕೆ ಕರೆದಳು.

"ಚಿಕ್ಕಪ್ಪ, ನಿಮಗೊಂದು ಹೇಳಬೇಕು. ಪೆಟ್ಟಿಗೆ ಎತ್ತೋದಕ್ಕೆ ಮುಂಚೆ." ಮುಂದಿನ ಮಾತು ತಡವರಿಸಿತು. "ಎರಡನೇ ಬಡಗಿ ಒಬ್ಬ ಇದ್ದನಂತೆ..."

"ಅವನೇ ನಮ್ಮಜ್ಜ," ಎಂದ ಅವನು, ಸಹಜವಾಗಿ.

ಅವಳು ತಿರುಗಿ ಅಡುಗೆಮನೆಯ ಕಿಟಕಿಯತ್ತ ನೋಡಿದಳು.

"ಅಕ್ಕ ಆಗಲೇ ಬರೆದಿದ್ದಳಮ್ಮ. ಪುಟದ ನಕಲೂ ಇಟ್ಟಿದ್ದಳು. 'ರಾಂಗ್ ನಂಬರಿಗೆ ಕನೆಕ್ಷನ್ ಕೊಟ್ಟುಬಿಟ್ಟೆ, ಕ್ಷಮಿಸಿ' ಅಂತ." ಅವನ ಹೊಟ್ಟೆ ನಗುವಿನಿಂದ ಕುಲುಕಿತು, ಕಣ್ಣು ಒದ್ದೆಯಾಯಿತು. "ನಾನು ಬರೆದೆ, ಲೈನು ಕಟ್ ಮಾಡಬೇಡ, ನಮ್ಮ ಮಾತು ಇನ್ನೂ ಮುಗಿದಿಲ್ಲ ಅಂತ."

ಸೊಸೆಗೆ ಬಂದದ್ದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಅವನು ಅವಳ ತಲೆ ನೇವರಿಸಿ, ತಡವಾಗುತ್ತದೆ, ನಡೆ ಎಂದ.

ಹೆಗಲು ಕೊಡುವವರು ಈಗ ಏಳು ಜನರಾಗಿದ್ದರು. ದರ್ಜಿ ಯಾರಿಗೂ ಜಾಗ ಬಿಟ್ಟುಕೊಡಲಿಲ್ಲವಾಗಿ ಅವನ ಅಳಿಯನೇ ಹಿಂದೆ ಸರಿಯಬೇಕಾಯಿತು. ಬೇಕರಿಯವನ ಮಗ ಆರಡಿ ದಾಟಿದವನು. ಕುಳ್ಳ ದರ್ಜಿಯ ಜೋಡಿಯಾಗಿ ನಿಂತದ್ದರಿಂದ ಪೆಟ್ಟಿಗೆ ವಾಲದಿರಲೆಂದು ದಾರಿಯುದ್ದಕ್ಕೂ ಮಂಡಿ ಬಗ್ಗಿಸಿ ನಡೆದ. ಬೀದಿಯವರು ಬಾಗಿಲಿಗೆ ಬಂದು ನಿಂತರು. ಇಷ್ಟೊಂದು ಜನ ಎಲ್ಲಿಂದ ಬಂದರೆಂದು ತಮ್ಮತಮ್ಮಲ್ಲೇ ಕೇಳಿಕೊಂಡರು.

ತಿರುವಿನ ಹತ್ತಿರ ಬೇಕರಿಯವನ ನಾಲ್ಕು ವರ್ಷದ ಮೊಮ್ಮಗಳು ಅಮ್ಮನ ಕೈ ಕೊಸರಿಕೊಂಡು ಗುಂಪಿನ ಮುಂದಕ್ಕೆ ಓಡಿಬಿಟ್ಟಳು. ತಾಯಿ ಗಾಬರಿಯಿಂದ ಹೆಸರು ಹಿಡಿದು ಕೂಗಿದಳು.

ಅದು ಅತ್ತೆಯ ಹೆಸರು.

ಇಡೀ ಬೀದಿ ಹೊರಳಿ ನೋಡಿತು. ಪೆಟ್ಟಿಗೆ ಹೊತ್ತವರ ಹೆಜ್ಜೆ ಒಂದು ಗಳಿಗೆ ನಿಂತಿತು. "ಬಂದೆ," ಎನ್ನುತ್ತ ಮಗು ಎರಡೂ ಕೈ ಬೀಸಿಕೊಂಡು ಅವರ ಎದುರಿಗೇ ಓಡಿಬಂತು.