ಸ್ಟೇಶನ್ ದೀಪದ ಹೊತ್ತು

ಘಟಪ್ರಭಾದಾಚೆಯ ಸಣ್ಣ ಸ್ಟೇಶನ್ನಿನ ಹಳೆಯ ಹಳಿ ಕಿತ್ತು ಅಗಲ ಹಳಿ ಹಾಕುತ್ತಾರಂತೆ, ಸೀಮೆಎಣ್ಣೆ ದೀಪಗಳೆಲ್ಲ ಗುಜರಿಗಂತೆ ಎಂಬ ಸುದ್ದಿ ತುಕ್ಕಾನಟ್ಟಿಗೆ ಮುಟ್ಟಿದ್ದೇ ತಡ, ತಾರಾಬಾಯಿ ಹೋಳಿಗೆ ಬುತ್ತಿ ಕಟ್ಟಿಕೊಂಡು ಟೆಂಪೋ ಹತ್ತಿದಳು. ದೀಪ ಹಚ್ಚುವ ಸತ್ತೆಪ್ಪನಿಗೂ ವರ್ಗವಾಗಿತ್ತು. ಮೂವತ್ತು ವರ್ಷ ಗಂಟಲಲ್ಲೇ ಉಳಿದ ಮಾತು ಇವತ್ತು ಆಡದಿದ್ದರೆ ಇನ್ನೆಂದೂ ಇಲ್ಲ.

ಆಗ ತಾರಾಬಾಯಿ ಚೊಚ್ಚಲ ಬಸುರಿ. ಅತ್ತೆಯೊಂದಿಗೆ ತವರಿನಿಂದ ಬಂದು ಆ ಸ್ಟೇಶನ್ನಿನಲ್ಲಿ ಇಳಿದಾಗ ಶ್ರಾವಣದ ಮೋಡ ಕವಿದು, ಸೂರ್ಯ ಎಲ್ಲಿದ್ದಾನೋ ಆ ಜಿನೇಶ್ವರನಿಗೇ ಗೊತ್ತು! ಜೈನರ ಮನೆತನ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವಂತಿಲ್ಲ. ಅತ್ತೆಯೋ, ಬೆಂಕಿಯಂಥ ಹೆಂಗಸು. ಮೋಡದ ದಿನ ಅವಳ ಲೆಕ್ಕ ಒಂದೇ: ಸ್ಟೇಶನ್ ದೀಪ ಹಚ್ಚಿದರೆ ಹೊತ್ತು ಮುಳುಗಿದಂತೆ.

"ದೀಪಾ ಹಚ್ಚಿಲ್ಲಿನ್ನಾ. ಲಗೂನ ಉಣ್ಣು. ನನಗ ಹಸಿವಿಲ್ಲ," ಎಂದು ಅತ್ತೆ ಬುತ್ತಿ ಮುಂದಿಟ್ಟಳು. ತಾರಾಬಾಯಿ ಗಬಗಬ ಉಂಡಳು. ಕತ್ತಲು ಇಳಿಯುತ್ತಿತ್ತು, ಸತ್ತೆಪ್ಪ ಮಾತ್ರ ಕಂಬದ ಕೆಳಗೆ ದೀಪದ ಗಾಜು ಒರೆಸುತ್ತಲೇ ನಿಂತಿದ್ದ. ಸ್ಟೇಶನ್ ಮಾಸ್ತರರು ಬೈದರೂ ಕದಲಲಿಲ್ಲ. ಇವಳು ಕೈ ತೊಳೆದ ಮೇಲೆಯೇ ಅವನು ದೀಪ ಹಚ್ಚಿದ್ದು.

ಕತ್ತಲಾದದ್ದು ಅವಳಿಗೆ ತಿಳಿಯದೇ ಇತ್ತೇ? ಹೊಟ್ಟೆಯೊಳಗಿನ ಕೂಸಿಗಾಗಿ ಬಾಯಿ ಮುಚ್ಚಿಕೊಂಡಿದ್ದಳು. ಅವನಿಗೆ ಉಪಕಾರ ಹೇಳಿದರೆ ಅತ್ತೆಯ ಕಿವಿಗೆ ಬೀಳುತ್ತದೆ, ಬಿದ್ದರೆ ಮನೆಯಲ್ಲಿ ದೊಡ್ಡ ರಾಮಾಯಣ!

"ಸತ್ತೆಪ್ಪಣ್ಣಾ, ಅವತ್ತ ನೀ ದೀಪಾ ತಡಾ ಮಾಡ್ದಿ. ನನ್ನ ಮಗ ವೃಷಭ ನಿನ್ನ ಪುಣ್ಯೇದಿಂದ ಹುಟ್ಟ್ಯಾನಪಾ," ಎಂದು ಇವತ್ತು ಬುತ್ತಿ ಅವನ ಕೈಗಿಡುವಾಗ ಅವಳ ಕಣ್ಣು ತುಂಬಿತು.

ಸತ್ತೆಪ್ಪ ಹಣೆ ಬಡಿದುಕೊಂಡು ನಕ್ಕ. "ನನಗ್ಯಾಕ್ರಿ ಅವ್ವಾರ? ನಾ ಹಚ್ಚಾಕ ಹೊಂಟಿದ್ದೆ. ನಿಮ್ಮ ಅತ್ತಿ ಸನೇಕ ಬಂದು ಕೈ ಮುಗದ್ರು. 'ಹುಡುಗಿ ಹಸದೈತಿ, ಉಣ್ಣೂತನಕ ತಡಿಯಪಾ, ಆಕಿಗಿ ಹೇಳಬ್ಯಾಡ' ಅಂದ್ರು."

ತಾರಾಬಾಯಿ ಬೆಂಚಿನ ಮೇಲೆ ಹಾಗೇ ಕುಳಿತುಬಿಟ್ಟಳು. ಹಸಿವಿಲ್ಲ ಅಂದಿದ್ದಳಲ್ಲ ಅತ್ತೆ! ಸೊಸೆಗೆ ಉಣ್ಣಿಸಿ, ತಾನು ವ್ರತ ಕೆಡಿಸದೆ ಬೆಳಗಿನವರೆಗೂ ಉಪವಾಸವಿದ್ದಳು ಆ ತಾಯಿ.

ಮನೆ ಮುಟ್ಟುತ್ತಲೇ ಪಡಸಾಲೆಯಿಂದ ಮುದುಕಿ ಅತ್ತೆಯ ಗದರಿಕೆ: "ಹೊತ್ತು ಮುಳಗಾಕ ಬಂತು, ಎಲ್ಲಿ ಹಾಳಾಗಿ ಹೋಗಿದ್ದಿ?"

ತಾರಾಬಾಯಿ ಅವಳ ಕಾಲಿಗೆ ಹಣೆ ಹಚ್ಚಿದಳು. "ಸತ್ತೆಪ್ಪ ಎಲ್ಲಾ ಹೇಳಿದ್ನರಿ, ಅತ್ತಿ."

ಮುದುಕಿ ಮುಖ ಆಚೆ ತಿರುಗಿಸಿದಳು. "ಅವನ ಬಾಯಾಗ ಎಳ್ಳು ನೆನಿಯಂಗಿಲ್ಲ. ಏಳು, ಉಣ್ಣು ನಡಿ, ಇನ್ನಾ ಬೆಳಕೈತಿ."

"ಹಸಿವಿಲ್ಲ ಅನಬ್ಯಾಡ್ರಿ ಮತ್ತ," ಎಂದು ತಾರಾಬಾಯಿ ಎರಡು ತಾಟು ಹಾಕಿದಳು.