ಕುಡಿಕೆಯೊಳಗಿನ ಸಂಸಾರ

ಹೆಣ್ಣುಮೀನು ಹಳದಿಗೆ ತಿರುಗಿತ್ತು. ಹೊಲಿಗೆಯವಳು ಕೈಲಿದ್ದ ಅಂಗಿಯನ್ನು ಮೆಷಿನ್ನಿನ ಮೇಲೇ ಬಿಟ್ಟು ಗಾಜಿನ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ನಿನ್ನೆಯವರೆಗೂ ಬೂದಿಬಣ್ಣ ಹೊತ್ತು ಮೂಲೆ ಹಿಡಿದಿದ್ದ ಹೆಬ್ಬೆರಳುದ್ದದ ಜೀವ, ಇವತ್ತು ಅಡ್ಡ ಮಲಗಿಸಿದ್ದ ಮಣ್ಣಿನ ಕುಡಿಕೆಯ ಬಾಯಲ್ಲಿ ನಿಂತು, ತನ್ನ ಎರಡರಷ್ಟಿದ್ದ ಗಂಡನ್ನು ಅಟ್ಟಾಡಿಸುತ್ತಿತ್ತು. ಟಾರ್ಚು ಬಿಟ್ಟು ನೋಡಿದಳು. ಕುಡಿಕೆಯ ಒಳಮೈಗೆ ಕೆಂಪು ಮೊಟ್ಟೆಗಳು ಸಾಲಾಗಿ ಅಂಟಿಕೊಂಡಿದ್ದವು.

ಮೀನು ಸಾಕುವ ಹುಚ್ಚು ಅವಳ ಗಂಡನದು. ಅವನು ಹಡಗಿನಲ್ಲಿ ಅಡುಗೆಯವನು. ಸಿಕ್ಲಿಡ್ ಜಾತಿಯ ಈ ಕುಬ್ಜ ಮೀನುಗಳಿಂದ ಮರಿ ಮಾಡಿಸಬೇಕೆಂದು ರಜೆಗೆ ಬಂದಾಗಲೆಲ್ಲ ಅವನು ಪಡದ ಪಾಡಿಲ್ಲ. ಒಮ್ಮೆ ಮೊಟ್ಟೆಗೆ ಬೂಸಲು ಹಿಡಿಯಿತು, ಇನ್ನೊಮ್ಮೆ ತಾಯಿಯೇ ತಿಂದಿತು, ಅಷ್ಟರಲ್ಲಿ ರಜೆ ಮುಗಿಯಿತು. ಮೊದಮೊದಲು ಅವಳಿಗೆ ಆ ತೊಟ್ಟಿ ಕಂಡರಾಗುತ್ತಿರಲಿಲ್ಲ. ಸಿಗುವ ನಾಲ್ಕು ದಿನವನ್ನೂ ಅದೇ ನುಂಗುತ್ತದೆಂದು ಹೊಟ್ಟೆಕಿಚ್ಚು. ಅವನು ಹೋದ ಮೇಲೆ ನೋಡಿದರೆ, ಮನೆಯಲ್ಲಿ ಅವನ ಕೈ ಆಡಿದ ಜಾಗವೆಂದರೆ ಅದೊಂದೇ.

ಮೀನಿನಂಗಡಿಯವನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಮೊದ್ಲು ಗಂಡನ್ನ ಹೊರಗೆ ಹಾಕಿ," ಎಂದ ಅವನು. "ಇಲ್ದಿದ್ರೆ ಅವಳು ಕಚ್ಚಿ ಕೊಂದೇಬಿಡ್ತಾಳೆ."

ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಯಾವ ಗಂಡನ್ನ? ನಿನ್ನವನು ವರ್ಷದಿಂದ ಹೊರಗೇ ಇದ್ದಾನಲ್ಲಮ್ಮ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅತ್ತೆ ತಲೆ ತಗ್ಗಿಸಿ ಬಟಾಣಿಗೆ ಮರಳಿದರು.

ಗಂಡುಮೀನು ಬಕೆಟ್ಟಿಗೆ ಹೋಯಿತು. ಮೊಟ್ಟೆಯೊಡೆದು, ಒಂದು ಬೆಳಿಗ್ಗೆ ಕುಡಿಕೆಯಿಂದ ಸೊಳ್ಳೆಯಷ್ಟು ಮರಿಗಳ ಹಿಂಡು ಹೊರಬಂತು. ಹೊಲಿಗೆಯವಳು ಉಪ್ಪುನೀರಿನಲ್ಲಿ ಸೀಗಡಿಮೊಟ್ಟೆ ಒಡೆಸಿ, ಆ ಪುಟ್ಟ ಸೀಗಡಿಮರಿಗಳನ್ನು ಅವುಗಳ ಊಟಕ್ಕೆಂದು ತೊಟ್ಟುತೊಟ್ಟಾಗಿ ಬಿಟ್ಟಳು. ಗಂಡನ ಫೋನು ಬಂದಾಗಲೆಲ್ಲ ಸುದ್ದಿ ನಾಲಗೆ ತುದಿಗೆ ಬಂದರೂ ನುಂಗಿಕೊಂಡಳು. ಇನ್ನೇನು ಅವನು ಬರುವ ಸಮಯ. ಬಾಗಿಲು ದಾಟಿದ ಕೂಡಲೇ ಕಣ್ಣು ಮುಚ್ಚಿಸಿ ಕರೆತಂದು ತೊಟ್ಟಿಯ ಮುಂದೆ ನಿಲ್ಲಿಸಬೇಕು.

ಒಂದು ಮಧ್ಯಾಹ್ನ ಅವನ ಫೋನು ಬಂತು. ಸಮುದ್ರದ ನಡುವೆ ಚಿತ್ರ ಬರುವುದಿಲ್ಲ, ದನಿಯೊಂದೇ.

"ಈ ಸಲ ಬರೋಕಾಗಲ್ಲ ಕಣೇ. ನನ್ನ ಜಾಗಕ್ಕೆ ಬರ್ಬೇಕಾದವನು ಕಾಲು ಮುರ್ಕೊಂಡಿದ್ದಾನೆ. ಇನ್ನೊಂದು ಸುತ್ತು ಹೋಗ್ಲೇಬೇಕು."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತೊಟ್ಟಿಯ ಕಡೆ ನೋಡಿದಳು. ಅವನು ಬರುವಷ್ಟರಲ್ಲಿ ಮರಿಗಳು ಮರಿಗಳಾಗಿ ಉಳಿದಿರುವುದಿಲ್ಲ.

"ರೀ, ಮರಿ ಆಗಿವೆ."

"ಏನಂದೆ?"

"ಕುಡಿಕೆಯೊಳಗೆ ಮೊಟ್ಟೆ ಇಟ್ಟಿತ್ತು. ಈಗ ತೊಟ್ಟಿ ತುಂಬಾ ಓಡಾಡ್ತಿವೆ."

"ತಾಯಿ ತಿಂದಿಲ್ವಾ?"

"ಎಲ್ಲಿ ತಿನ್ನೋದು! ಸೆರಗಿಗೆ ಕಟ್ಕೊಂಡ ಹಾಗೆ ಹಿಂದೆ ಹಾಕ್ಕೊಂಡು ತಿರುಗ್ತಿದ್ದಾಳೆ."

ಆ ಕಡೆ ಅವನು ಸೌಟು ಕೆಳಗಿಟ್ಟ ಸದ್ದು ಕೇಳಿಸಿತು.

"ಫೋನನ್ನ ಗಾಜಿಗೆ ಹಿಡಿಯೇ."

"ಏನು ಕೇಳುತ್ತೆ ರೀ? ಮೀನು ಮಾತಾಡುತ್ತಾ?"

"ಸುಮ್ನೆ ಹಿಡಿಯೇ."

ಹಿಡಿದಳು. ನೀರಿನಲ್ಲಿ ಗಾಳಿಗುಳ್ಳೆಗಳು ಬುಳುಬುಳು ಏರಿ ಒಡೆಯುತ್ತಿದ್ದವು. ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿದಳು. ತಾಯಿಮೀನು ಒಮ್ಮೆ ಮೈ ಅದುರಿಸಿ ಮರಿಗಳಿಗೆ ಸನ್ನೆ ಮಾಡಿತು. ಚದುರಿದ್ದ ಮರಿಗಳೆಲ್ಲ ಮರಳಿನ ಮೇಲಿಳಿದು, ಕದಲದೆ ಕೂತವು.