ಹದಿನೈದು ದಿನಕ್ಕೊಂದು ಕಾಲಿಂಚು

ವಾರಿಜಾಳಿಗೆ ಅಂಗಡಿಯಲ್ಲಿ ಕಾಲು ಅಷ್ಟಾಗಿ ನೋಯುತ್ತಿರಲಿಲ್ಲ, ಮನೆಗೆ ಬಂದರೆ ಜೀವ ಹೋಗುತ್ತಿತ್ತು. ಕುರ್ಲಾದ ಚಾಳಿನ ಬಾಗಿಲ ಹೊರಗೆ ಮೂರಿಂಚು ಹೀಲಿನ ಚಪ್ಪಲಿ ಕಳಚಿ ಒಳಗೆ ಕಾಲಿಟ್ಟಳೋ, ಮೀನಖಂಡ ಸೆಳೆದು ಸೊಂಟದವರೆಗೆ ಹಿಡಿದುಕೊಳ್ಳುತ್ತಿತ್ತು. ಹಿಮ್ಮಡಿ ಊರಲಾಗದೆ ತುದಿಗಾಲಿನಲ್ಲೇ ಒಲೆಯ ಬಳಿಗೆ ಹೋಗುತ್ತಿದ್ದಳು. ಹಾಗಾಗಿ ತಪ್ಪೆಲ್ಲ ಪಾಪದ ನೆಲದ ತಲೆಗೆ ಬಂತು.

"ಮುಂಬಯಿಯ ಕಲ್ಲಿನ ನೆಲ ಅಲ್ವಾ, ಶೀತ ಏರಿದ್ದು ಮಾರಾಯ್ತಿ," ಎಂದು ತಾಯಿ ಸೇವಂತಿ ತೀರ್ಪು ಕೊಟ್ಟು, ಗೋಣಿ ಹಾಸಿ, ಎಣ್ಣೆ ಕಾಯಿಸಿ ತಿಕ್ಕಿದಳು. ಉಡುಪಿ ಕಡೆಯ ಆ ಮನೆಯವರಿಗೆ ಚಪ್ಪಲಿ ಎಂದರೆ ಹೊಸ್ತಿಲಿನಾಚೆಯ ವಸ್ತು. ಒಳಗಿನ ನೋವಿಗೆ ಅದನ್ನು ಯಾರು ತಾನೇ ವಿಚಾರಿಸುತ್ತಾರೆ?

ವಾರಿಜಾ ಫೋರ್ಟ್ ಪೇಟೆಯ ಒಂದು ದೊಡ್ಡ ಬಟ್ಟೆ ಅಂಗಡಿಯ ಕೌಂಟರಿನಲ್ಲಿದ್ದಳು. ಅಲ್ಲಿನ ಹುಡುಗಿಯರು ಮೂರಿಂಚು ಹೀಲು ಹಾಕಲೇಬೇಕೆಂದು ಮ್ಯಾನೇಜರರ ಕಟ್ಟಪ್ಪಣೆ. ಒಲ್ಲದವರಿಗೆ ಹಿಂದಿನ ಗೋದಾಮಿನಲ್ಲಿ ಬಟ್ಟೆ ಮಡಚುವ ಕೆಲಸ. ರೇಷ್ಮೆ ಹರಡಿ ತೋರಿಸುವುದೆಂದರೆ ವಾರಿಜಾಳಿಗೆ ಪ್ರಾಣ. ಆ ಕತ್ತಲ ಗೋದಾಮು ನೆನೆದರೇ ಎದೆ ಧಸಕ್ಕೆನ್ನುತ್ತಿತ್ತು.

ಒಂದು ಭಾನುವಾರ, ಕಿತ್ತ ಪಟ್ಟಿ ಹೊಲಿಸಲು ಸ್ಟೇಷನ್ನಿನ ಬಳಿ ಚಪ್ಪಲಿ ಹೊಲಿಯುವ ಶಂಕ್ರೆಪ್ಪನ ಹತ್ತಿರ ಹೋದಳು. ವಿಜಾಪುರ ಸೀಮೆಯ ಮುದುಕ. ಚಪ್ಪಲಿ ಕೈಗೆ ಬಂದರೆ ಜಾತಕವನ್ನೇ ಓದುವ ಆಸಾಮಿ. ಬರಿಗಾಲಿನಲ್ಲಿ ಹಿಮ್ಮಡಿ ಎತ್ತಿಕೊಂಡು ನಿಂತವಳನ್ನು ನೋಡಿದ.

"ನೋವು ಮನ್ಯಾಗ ಹೆಚ್ಚೋ ಕೆಲಸದಾಗೋ, ತಂಗಿ?"

"ಮನೆಯಲ್ಲಿ. ನನಗೆ ನೆಲ ಆಗುದಿಲ್ಲ."

"ನೆಲಕ್ಕ ಯಾಕ ಬೈತೀವಾ? ದಿನಾ ಹತ್ತು ತಾಸು ಹಿಮ್ಮಡಿ ಮ್ಯಾಲಿದ್ರ ಮೀನಖಂಡದ ನರ ಗಿಡ್ಡ ಆಗ್ತಾವ. ಮನ್ಯಾಗ ಊರಿದಾಗ ಜಗ್ಗತಾವ. ಈ ಅಟ್ಟಿ ನೋಡು, ಮುಂದಷ್ಟ ಸವದೈತಿ. ಮೈ ಭಾರ ಎಲ್ಲಾ ಮುಂಗಾಲಿಗೆ, ಅದಕ್ಕ ಸೊಂಟಾನೂ ಡೊಂಕ."

"ಹೀಲು ಬಿಟ್ರೆ ಕೌಂಟರೇ ಹೋಗ್ತದೆ, ಶಂಕ್ರೆಪ್ಪಣ್ಣ." ವಾರಿಜಾಳ ಕಣ್ಣು ತುಂಬಿತು.

"ಎಕದಂ ಬಿಡಬ್ಯಾಡ, ಇನ್ನೂ ನೋಯ್ತದ. ಹದಿನೈದು ದಿನಕ್ಕ ಕಾಲಿಂಚು ಕೊಯ್ತೀನಿ. ನರಾನೂ ಸಾವಕಾಶ ಸಡ್ಲ ಆಗ್ತಾವ, ನಿಮ್ಮ ಸಾಹೇಬಗೂ ತಿಳಿಯಂಗಿಲ್ಲ. ಮುಂಜಾನಿ ಗ್ವಾಡಿ ಹಿಡದು ಹಿಮ್ಮಡಿ ಊರೂದು ರೂಢಿ ಮಾಡಕೋ."

ಹೀಗೆ ಗುಟ್ಟಿನ ವ್ಯವಹಾರ ಶುರುವಾಯಿತು. ಎರಡು ವಾರಕ್ಕೊಮ್ಮೆ ಶಂಕ್ರೆಪ್ಪ ಹೀಲು ಕೊಯ್ದು, ಚಪ್ಪಲಿ ವಾಲದಂತೆ ಅಟ್ಟೆಯನ್ನೂ ತಟ್ಟಿ ಹದ ಮಾಡುತ್ತಿದ್ದ. ಮ್ಯಾನೇಜರ್ ಹಾದುಹೋದಾಗಲೆಲ್ಲ ವಾರಿಜಾ ಕೌಂಟರಿನ ಹಿಂದೆ ತುದಿಗಾಲಿನಲ್ಲಿ ನಿಂತು, ಕಳೆದುಹೋದ ಎತ್ತರವನ್ನು ತುಂಬಿಕೊಳ್ಳುತ್ತಿದ್ದಳು. ಅವರು ಆಚೆ ಹೋದ ಮೇಲೆಯೇ ಉಸಿರು.

ಮೂರು ತಿಂಗಳಿಗೆ ಒಂದೂವರೆ ಇಂಚು ಇಳಿಯಿತು. ಒಂದು ಸಂಜೆ ತಾಯಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬಂಗುಡೆ ಮೀನು ಕೊಯ್ಯುವಾಗ ಹಿಮ್ಮಡಿ ನೆಲಕ್ಕೆ ಪೂರ್ತಿ ಊರಿತ್ತು, ನೋವೇ ಇರಲಿಲ್ಲ. ವಾರಿಜಾಳಿಗೆ ಹಿಗ್ಗೋ ಹಿಗ್ಗು. ಸೇವಂತಿ ತನ್ನ ಎಣ್ಣೆಯನ್ನು ಹೊಗಳಿಕೊಂಡಳು.

ಮರುದಿನವೇ ಮ್ಯಾನೇಜರ್ ಕೋಣೆಗೆ ಕರೆಸಿದರು. ಪಾರ್ಸಿ ಮುದುಕ, ಮುಖದಲ್ಲಿ ನಗುವಿಲ್ಲ.

"ಹೀಲು ಒಂದೂವರೆ ಇಂಚು ಇಳಿದಿದೆ," ಎಂದರು ಹಿಂದಿಯಲ್ಲಿ. "ಮೂವತ್ತು ವರ್ಷ ಬಟ್ಟೆ ಅಳೆದ ಕಣ್ಣು ಇದು. ಮೊದಲ ಕಾಲಿಂಚಿನಿಂದಲೇ ನೋಡುತ್ತಿದ್ದೇನೆ."

ವಾರಿಜಾ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. "ಗೋದಾಮಿಗೆ ಹೋಗಲೇ, ಸಾರ್?"

ಅವರು ಎದ್ದು ಬಾಗಿಲು ಮುಂದೆ ಮಾಡಿ, ಮೇಜಿನ ಖಾನೆಯಿಂದ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ತೆಗೆದರು. ಒಳಗೆ ಸೂಜಿಯಂಥ ಹೀಲಿನ ಕಪ್ಪು ಜೋಡು.

"ನನ್ನ ಹೆಂಡತಿಯದು. ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಡುವಾಗ ಅಳುತ್ತಾಳೆ. ಹೀಲು ಬಿಡು ಎಂಬ ಡಾಕ್ಟರರ ಮಾತು ಕೇಳುವುದಿಲ್ಲ, ನನ್ನ ಮಾತಂತೂ ಇಲ್ಲವೇ ಇಲ್ಲ." ಅವರ ದನಿ ತಗ್ಗಿತು. "ನಿಮ್ಮ ಚಪ್ಪಲಿ ಹೊಲಿಯುವ ಮೋಚಿ ಅವಳಿಗೂ ತಿಳಿಯದ ಹಾಗೆ ಇದನ್ನು ಇಳಿಸಿಕೊಡುತ್ತಾನೆಯೇ?"